ನೂರಕ್ಕೆ ನೂರ ಅರವತ್ತು: ಭೂತಾನಿನ ಹಣ, ನೇಪಾಳದ ರೂಪಾಯಿ, ನಡುವೆ ಒಂದು ಗೂಟ

ಪ್ರಶ್ನೆ: ಬೈಲಕುಪ್ಪೆಯ ಸಮೀಪ ನನ್ನದೊಂದು ಚಿಕ್ಕ ಅಂಗಡಿ ಇದೆ. ಇಲ್ಲಿನ ಬೌದ್ಧ ಮಠಗಳಲ್ಲಿ ಓದುವವರಲ್ಲಿ ಭೂತಾನಿನವರೂ ನೇಪಾಳದವರೂ ಇದ್ದಾರೆ. ಅವರು ಊರಿಗೆ ಹೋಗಿ ಬಂದಾಗ ಜೇಬಿನಲ್ಲಿ ಉಳಿದ ನೋಟುಗಳಲ್ಲಿ ಒಂದೆರಡು ನನ್ನ ಗಲ್ಲಾಕ್ಕೂ ಬಂದು ಬಿದ್ದಿವೆ. ಭೂತಾನಿನ ನೂರಕ್ಕೆ ನೇಪಾಳದ ನೂರ ಅರವತ್ತು ಎಂದು ಹುಡುಗರು ಬಾಯಿಪಾಠದಂತೆ ಹೇಳುತ್ತಾರೆ. ವಯಸ್ಸಾದ ನೇಪಾಳಿಯೊಬ್ಬರು ಮಾತ್ರ ‘ನಮ್ಮ ಕಾಲದಲ್ಲಿ ನೂರಕ್ಕೆ ನೂರ ನಲವತ್ತೈದು ಇತ್ತು, ಅದಕ್ಕೂ ಮುಂಚೆ ನೂರ ಒಂದೇ’ ಎನ್ನುತ್ತಾರೆ. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಕೋಷ್ಟಕ 1980ಕ್ಕೆ 1.53 ಎನ್ನುತ್ತದೆ. ಯಾರ ಮಾತು ಸರಿ? ಈ ಎರಡು ದೇಶಗಳ ಹಣದ ದರ ಹಿಂದಿನಿಂದ ಹೇಗೆ ನಡೆದು ಬಂದಿದೆ? ಗಲ್ಲಾದಲ್ಲಿರುವ ನೋಟುಗಳನ್ನು ಏನು ಮಾಡಲಿ?

ಉತ್ತರ: ಹುಡುಗರ ಮಾತು ಸರಿ. ಹಿರಿಯರ ನೂರ ನಲವತ್ತೈದೂ ಸರಿ. ಅವರ ನೂರ ಒಂದೂ ಸರಿಯೇ, ಆದರೆ ಅದು ಭೂತಾನಿನ ನೂರಕ್ಕಲ್ಲ, ಭಾರತದ ನೂರಕ್ಕೆ. ಆಗ ಭೂತಾನಿಗೆ ಸ್ವಂತದ ನೋಟೇ ಇರಲಿಲ್ಲ. ಇನ್ನು ಕೋಷ್ಟಕದ 1.53 ಇದೆಯಲ್ಲ, ಅದರ ಭಾಗಾಕಾರದಲ್ಲಿ ತಪ್ಪಿಲ್ಲ, ಆದರೆ ಆ ದರದಲ್ಲಿ ಯಾವ ಗಲ್ಲಾದಲ್ಲೂ ಯಾರೂ ಹಣ ಎಣಿಸಿ ಕೊಟ್ಟಿರಲಿಲ್ಲ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ಬಂದವನಾದ್ದರಿಂದ ನನಗೆ ಈ ನಾಲ್ಕನೆಯದರ ಮೇಲೆಯೇ ಹೆಚ್ಚು ಕುತೂಹಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರು. ಭೂತಾನಿನ ಹಣ ಙುಲ್ಟ್ರಮ್. ಕ ಖ ಗ ಘ ಎಂದು ಒಪ್ಪಿಸಿ ‘ಙ’ ಬಂದಾಗ ಮೇಷ್ಟರ ಮುಖ ನೋಡುತ್ತಿದ್ದೆವು, ಇದರಿಂದ ಶುರುವಾಗುವ ಒಂದು ಪದವನ್ನಾದರೂ ಹೇಳಿಯಾರೇನೋ ಎಂದು. ಪದ ಹಿಮಾಲಯದ ತಪ್ಪಲಲ್ಲಿತ್ತು. ‘ಙುಲ್’ ಎಂದರೆ ಬೆಳ್ಳಿ, ‘ಟ್ರಮ್’ ಎಂದರೆ ನಾಣ್ಯ. ನಮ್ಮ ರೂಪಾಯಿಯ ಮೂಲವಾದ ‘ರೂಪ್ಯ’ವೂ ಬೆಳ್ಳಿಗೆ ಸೇರಿದ್ದೇ. ಹೀಗೆ ಎರಡೂ ಹೆಸರಿನಲ್ಲಿ ಬೆಳ್ಳಿ, ಕೈಯಲ್ಲಿರುವುದು ಕಾಗದ.

ನೀವು ಕೇಳಿದ ದರವನ್ನು ಹೀಗೆ ಚಿತ್ರಿಸಿಕೊಳ್ಳಿ. ಒಂದು ಗೂಟ, ಅದು ಭಾರತದ ರೂಪಾಯಿ. ಅದಕ್ಕೆ ಎರಡು ಕರು ಕಟ್ಟಿದ್ದಾರೆ. ಭೂತಾನಿನ ಕರುವನ್ನು ಹಗ್ಗವೇ ಇಲ್ಲದಂತೆ ಗೂಟಕ್ಕೆ ಬಿಗಿದು ಕಟ್ಟಿದ್ದಾರೆ: ಒಂದಕ್ಕೆ ಒಂದು. ನೇಪಾಳದ ಕರುವಿಗೆ ಹಗ್ಗವಿದೆ, ಅದರ ಉದ್ದ ಕಾಲಕಾಲಕ್ಕೆ ಬದಲಾಗಿದೆ. ಎರಡು ಕರುಗಳ ನಡುವೆ ಯಾವ ಹಗ್ಗವೂ ಇಲ್ಲ. ಆದ್ದರಿಂದ ಙುಲ್ಟ್ರಮ್ ಮತ್ತು ನೇಪಾಳಿ ರೂಪಾಯಿಯ ದರದ ಇತಿಹಾಸ ಎಂದರೆ ನೇಪಾಳದ ಹಗ್ಗದ ಇತಿಹಾಸ, ಅಷ್ಟೇ. ಥಿಂಫು ಒಂದು ದಿನವೂ ಈ ದರವನ್ನು ಅಲುಗಿಸಿಲ್ಲ. ಅಲುಗಿಸಿದ್ದೆಲ್ಲ ಕಠ್ಮಂಡು, ಕೆಲವೊಮ್ಮೆ ದೆಹಲಿ, ಒಮ್ಮೆ ವಾಷಿಂಗ್ಟನ್.

ಕಾಗದಕ್ಕೂ ಮೊದಲಿನ ಕಥೆ ಚುಟುಕಾಗಿ. ಕಠ್ಮಂಡು ಕಣಿವೆಯ ಮಲ್ಲ ಅರಸರು ಟಿಬೆಟ್ಟಿನಿಂದ ಬೆಳ್ಳಿ ತರಿಸಿ, ನಾಣ್ಯ ಟಂಕಿಸಿ, ತಿರುಗಿ ಟಿಬೆಟ್ಟಿಗೇ ಕಳುಹಿಸುತ್ತಿದ್ದರು. ಬರಬರುತ್ತಾ ಬೆಳ್ಳಿಗೆ ತಾಮ್ರ ಹೆಚ್ಚು ಬೆರೆಯಿತು. ಗೂರ್ಖಾ ಅರಸರು ಬಂದು ಶುದ್ಧ ಬೆಳ್ಳಿಯ ನಾಣ್ಯ ಕೊಡುತ್ತೇವೆಂದಾಗ ಹಳೆಯ ಕಲಬೆರಕೆ ನಾಣ್ಯಕ್ಕೂ ಹೊಸದಕ್ಕೂ ವಟ್ಟ (ಬದಲಿಸುವಾಗ ಹಿಡಿಯುವ ಕಡಿತ) ಎಷ್ಟು ಎಂಬ ಜಗಳ ಎದ್ದು, 1788ರ ನೇಪಾಳ–ಟಿಬೆಟ್ ಯುದ್ಧದ ಕಾರಣಗಳಲ್ಲಿ ಅದೂ ಒಂದಾಯಿತು. ವಿನಿಮಯ ದರಕ್ಕಾಗಿ ಯುದ್ಧವೇ ಎಂದು ಹುಬ್ಬೇರಿಸಬೇಡಿ. ಚಿನಿವಾರರ ಕಟ್ಟೆಯಲ್ಲಿ ಇದಕ್ಕಿಂತ ಸಣ್ಣ ವಿಷಯಕ್ಕೂ ತಲೆ ಒಡೆದಿವೆ. ಭೂತಾನಿನಲ್ಲಿ ಆ ಕಾಲಕ್ಕೆ ನಡೆಯುತ್ತಿದ್ದದ್ದು ಕೂಚ್ ಬಿಹಾರದ ‘ನಾರಾಯಣಿ’ ನಾಣ್ಯ, ಆಮೇಲೆ ಅದನ್ನೇ ನೋಡಿಕೊಂಡು ಭೂತಾನಿನಲ್ಲೇ ಟಂಕಿಸಿದ ನಾಣ್ಯ. ಅಂದರೆ ಆಗಲೂ ಎರಡೂ ಕಡೆಯ ಲೆಕ್ಕ ಹೊರಗಿನ ಬೆಳ್ಳಿಯ ಮೇಲೆಯೇ ನಿಂತಿತ್ತು.

ನೇಪಾಳಕ್ಕೆ ‘ರೂಪಾಯಿ’ ಎಂಬ ಲೆಕ್ಕ ಬಂದದ್ದು 1932ರಲ್ಲಿ, ‘ಮೊಹರು’ ಎಂಬ ಹಳೆಯ ಬೆಳ್ಳಿ ನಾಣ್ಯ ಎರಡಕ್ಕೆ ಒಂದು ರೂಪಾಯಿಯಂತೆ. ಕಾಗದದ ನೋಟು 1945ರಲ್ಲಿ ಬಂತು. ಅಷ್ಟಾದರೂ ಭಾರತಕ್ಕೆ ತಾಗಿದ ಬಯಲಾದ ತೆರಾಯಿ ಪ್ರದೇಶದಲ್ಲಿ, ಗಡಿಯ ಸಂತೆಗಳಲ್ಲಿ, ಭೂಮಿಯ ಕ್ರಯದಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿ. ನೇಪಾಳಿಗಳು ಇಂದಿಗೂ ಬೆಲೆ ಹೇಳುವಾಗ ‘ಐಸಿಯೋ ಎನ್‌ಸಿಯೋ’ ಎಂದು ಕೇಳುತ್ತಾರೆ: ಇಂಡಿಯನ್ ಕರೆನ್ಸಿಯೋ, ನೇಪಾಳಿ ಕರೆನ್ಸಿಯೋ ಎಂದು. ಅಲ್ಲಿನ ಪತ್ರಿಕೆಗಳು ‘ಭಾರು’, ‘ನೇರು’ ಎಂದು ಮೊಟಕುಗೊಳಿಸಿ ಬರೆಯುತ್ತವೆ. ಐಸಿ ಮತ್ತು ಎನ್‌ಸಿಯ ನಡುವಿನ ದರ ಆಗ ಪೇಟೆಯ ಮರ್ಜಿಯಂತೆ ಏರುತ್ತ ಇಳಿಯುತ್ತ ಇತ್ತು. 1956ರಲ್ಲಿ ನೇಪಾಳ ರಾಷ್ಟ್ರ ಬ್ಯಾಂಕ್ ಹುಟ್ಟಿದ್ದರ ಮುಖ್ಯ ಉದ್ದೇಶಗಳಲ್ಲಿ ಒಂದು ಈ ಎರಡು ಹಣದ ಗೊಂದಲವನ್ನು ನಿವಾರಿಸುವುದು. ಅದು 1960ರ ಏಪ್ರಿಲ್‌ನಲ್ಲಿ ದರವನ್ನು ನಿಗದಿ ಮಾಡಿತು: ಭಾರತದ ನೂರಕ್ಕೆ ನೇಪಾಳದ ನೂರ ಅರವತ್ತು. ಹುಡುಗರ ಬಾಯಲ್ಲಿರುವ ಅಂಕಿ ಹುಟ್ಟಿದ್ದು ಅಲ್ಲಿ.

ಆದರೆ ಅದು ನೆಟ್ಟಗೆ ಅಲ್ಲಿಂದ ಇಲ್ಲಿಗೆ ಬಂದಿಲ್ಲ. 1966ರ ಜೂನ್ 6ರಂದು ಭಾರತ ತನ್ನ ರೂಪಾಯಿಯನ್ನು ಅಪಮೌಲ್ಯಗೊಳಿಸಿತು, ಡಾಲರಿಗೆ 4.76 ಇದ್ದದ್ದು ರಾತ್ರೋರಾತ್ರಿ 7.50 ಆಯಿತು. ಈಗ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಹಿಂದಿನ ದಿನದವರೆಗೆ ನೇಪಾಳದ ರೂಪಾಯಿ ಡಾಲರಿಗೆ ಎಷ್ಟಿತ್ತು? 4.76ನ್ನು 1.6ರಿಂದ ಗುಣಿಸಿದರೆ 7.62. ಭಾರತ ಕೆಳಗಿಳಿದಾಗ ನೇಪಾಳ ಜೊತೆಗೆ ಇಳಿಯಲಿಲ್ಲ, ತನ್ನ 7.62ಕ್ಕೇ ಅಂಟಿಕೊಂಡು ನಿಂತಿತು. 7.62ನ್ನು 7.50ರಿಂದ ಭಾಗಿಸಿ: ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹೀಗೆ ಭಾರತದ ನೂರಕ್ಕೆ ನೇಪಾಳದ ನೂರ ಒಂದು ಎಂಬ ದರ ಬಂತು. ನಿಮ್ಮ ಹಿರಿಯರು ನೆನಪಿಟ್ಟುಕೊಂಡದ್ದು ಇದನ್ನೇ. ನೆನಪಿಡದೆ ಇರುತ್ತಾರೆಯೇ? ಅದಕ್ಕೂ ಮುಂಚೆ ಭಾರತದಲ್ಲಿ ನೂರು ರೂಪಾಯಿ ಸಂಬಳ ಪಡೆದು ಊರಿಗೆ ಕಳುಹಿಸಿದವನ ಮನೆಯಲ್ಲಿ ನೂರ ಅರವತ್ತು ಎಣಿಸುತ್ತಿದ್ದರು; ಆ ಜೂನ್ ನಂತರ ಅದೇ ನೂರಕ್ಕೆ ನೂರ ಒಂದು. ಇತ್ತ ನೇಪಾಳದ ಧಾನ್ಯ ಭಾರತದ ಸಂತೆಯಲ್ಲಿ ದಿಢೀರನೆ ದುಬಾರಿಯಾಯಿತು. ಸ್ವಾಭಿಮಾನದ ದರ ಚೆನ್ನಾಗಿ ಕಾಣುತ್ತದೆ, ಮಾರಾಟಕ್ಕೆ ಕೂತವನಿಗೆ ಮಾತ್ರ ಅದರ ಬಿಸಿ ತಟ್ಟುತ್ತದೆ.

ಹೀಗಿದ್ದದ್ದು ಒಂದೂವರೆ ವರ್ಷ. 1967ರ ನವೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು ಇಳಿಸಿದ್ದೇ ತಡ, ಡಿಸೆಂಬರಿನಲ್ಲಿ ನೇಪಾಳವೂ ಇಳಿಯಿತು: ಡಾಲರಿಗೆ 10.125. ಇದನ್ನು 7.50ರಿಂದ ಭಾಗಿಸಿದರೆ ಬರುವುದು 1.35, ಶೇಷವಿಲ್ಲದೆ. ಸರ್ಕಾರಿ ಲೆಕ್ಕ ಇಷ್ಟು ಚೊಕ್ಕಟವಾಗಿ ಭಾಗವಾಗುವುದು ಅಪರೂಪ. ನೂರ ಮೂವತ್ತೈದು ಎಂಬ ಅಂಕಿಯನ್ನು ಮೊದಲೇ ಇಟ್ಟುಕೊಂಡು ಡಾಲರಿನ ದರವನ್ನು ಅದಕ್ಕೆ ಹೊಂದಿಸಿರಬೇಕು ಎಂದು ನನ್ನ ಗುಮಾನಿ.

ನಾಲ್ಕು ವರ್ಷ ಕಳೆದು 1971ರ ಡಿಸೆಂಬರಿನಲ್ಲಿ ಡಾಲರೇ ಇಳಿಯಿತು. ಭಾರತ ತನ್ನ ರೂಪಾಯಿಯನ್ನು ಪೌಂಡಿಗೆ ಕಟ್ಟಿಕೊಂಡು ಡಾಲರಿಗೆ 7.28ರ ಆಸುಪಾಸಿಗೆ ಬಂತು. ನೇಪಾಳ 10.125ರಲ್ಲೇ ಉಳಿಯಿತು. ಭಾಗಿಸಿ ನೋಡಿ: 1.39. ಕಠ್ಮಂಡುವಿನಲ್ಲಿ ಡಾಲರಿನ ದರ ಮಿಸುಕಲಿಲ್ಲ, ಆದರೂ ಭಾರತದ ನೂರಕ್ಕೆ ನೂರ ಮೂವತ್ತೊಂಬತ್ತು ಆಯಿತು. ವಾಷಿಂಗ್ಟನ್ ಒಮ್ಮೆ ಹಗ್ಗ ಎಳೆಯಿತು ಎಂದೆನಲ್ಲ, ಅದು ಇದು.

ಈ ಘಟ್ಟದಲ್ಲಿ ಭೂತಾನ್ ರಂಗಕ್ಕೆ ಬರುತ್ತದೆ. ಅಲ್ಲಿ ಬಹುಕಾಲ ತೆರಿಗೆಯನ್ನೂ ದವಸ, ಬಟ್ಟೆ, ದುಡಿಮೆಯ ರೂಪದಲ್ಲೇ ಕಟ್ಟುತ್ತಿದ್ದರು. 1961ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಶುರುವಾದಾಗ ಅದರ ಹಣವೆಲ್ಲ ಭಾರತದ್ದು. ರಸ್ತೆ ಕಡಿದವರಿಗೆ ಕೂಲಿ ಬಟವಾಡೆಯಾದದ್ದೂ ರೂಪಾಯಿಯಲ್ಲಿ. 1971ರಲ್ಲಿ ವಿಶ್ವಸಂಸ್ಥೆಗೆ ಸೇರಿದ ದೇಶಕ್ಕೆ ತನ್ನದೆನ್ನುವ ನೋಟು ಬೇಕಲ್ಲವೇ? 1974ರ ಜೂನ್ 2ರಂದು ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರ ಪಟ್ಟಾಭಿಷೇಕ. ಆ ವರ್ಷವೇ ಙುಲ್ಟ್ರಮ್ ನೋಟುಗಳು ಬಂದವು. ಒಂದು ಙುಲ್ಟ್ರಮ್‌ಗೆ ನೂರು ಛೇಟ್ರಮ್. ಒಂದು ಙುಲ್ಟ್ರಮ್‌ಗೆ ಒಂದು ಭಾರತೀಯ ರೂಪಾಯಿ. ರೂಪಾಯಿಯ ಚಲಾವಣೆಯನ್ನು ಅವರು ನಿಲ್ಲಿಸಲೂ ಇಲ್ಲ. ಆದ್ದರಿಂದ ನೀವು ಕೇಳಿದ ದರದ ಹುಟ್ಟುಹಬ್ಬ 1974, ಹುಟ್ಟಿದಾಗಿನ ತೂಕ ನೂರಕ್ಕೆ ನೂರ ಮೂವತ್ತೊಂಬತ್ತು. ಭೂತಾನಿನ ಕೇಂದ್ರ ಬ್ಯಾಂಕಾದ ರಾಯಲ್ ಮಾನಿಟರಿ ಅಥಾರಿಟಿಯ ಕಾಯ್ದೆ ಬಂದದ್ದು 1982ರಲ್ಲಿ. ಎಂಟು ವರ್ಷ ಕೇಂದ್ರ ಬ್ಯಾಂಕೇ ಇಲ್ಲದೆ ನೋಟು ನಡೆಸಿದರು. ಒಂದಕ್ಕೆ ಒಂದು ಎಂಬ ದರದ ಸುಖ ಅದು. ಲೆಕ್ಕ ಹಾಕಲು ಯಾರೂ ಬೇಕಾಗುವುದಿಲ್ಲ.

1978ರ ಮಾರ್ಚ್‌ನಲ್ಲಿ ನೇಪಾಳ ಹಗ್ಗ ಸಡಿಲಿಸಿತು, 139 ಹೋಗಿ 145 ಬಂತು. ಹಿರಿಯರ ಎರಡನೆಯ ಅಂಕಿ.

ಈಗ ಕೋಷ್ಟಕದ 1.53. 1980ರಲ್ಲಿ ನೇಪಾಳದ ಅಧಿಕೃತ ಡಾಲರ್ ದರ 12. ಆ ವರ್ಷದ ಭಾರತದ ಸರಾಸರಿ 7.86ರ ಸುಮಾರು. ಙುಲ್ಟ್ರಮ್ ರೂಪಾಯಿಗೆ ಸಮವಾದ್ದರಿಂದ ಅದೂ 7.86. ನೀವು ನೋಡಿದ ಜಾಲತಾಣದ ಯಂತ್ರ ಹನ್ನೆರಡನ್ನು 7.86ರಿಂದ ಭಾಗಿಸಿ 1.53 ಎಂದು ಬರೆದುಕೊಂಡಿದೆ. ಇಂದಿನ ಪೇಟೆಯಲ್ಲಿ ಆ ಕ್ರಮ ಸರಿ. ಅಂದಿನ ನೇಪಾಳದಲ್ಲಿ ಅಲ್ಲ. ಅಲ್ಲಿ ಡಾಲರಿಗೆ ಒಂದು ದರ, ಭಾರತದ ರೂಪಾಯಿಗೆ ಇನ್ನೊಂದು ದರ, ಎರಡನ್ನೂ ಬೇರೆ ಬೇರೆಯಾಗಿ ಸಾರುತ್ತಿದ್ದರು. ಒಂದಕ್ಕೊಂದು ತಾಳೆಯಾಗಲೇಬೇಕೆಂಬ ಹಟ ಇರಲಿಲ್ಲ. ಗಲ್ಲಾದಲ್ಲಿ ನಡೆದದ್ದು 1.45.

ಇದರಿಂದ ಏನಾಗುತ್ತದೆ ನೋಡಿ. ಒಬ್ಬನ ಕೈಯಲ್ಲಿ ನೇಪಾಳದ 1,140 ರೂಪಾಯಿ ಇದೆ ಎಂದುಕೊಳ್ಳಿ. 1.45ರ ದರದಲ್ಲಿ ಭಾರತದ 786 ಸಿಗುತ್ತದೆ. ಆ 786ಕ್ಕೆ ಭಾರತದಲ್ಲಿ ಅಧಿಕೃತ ದರದಲ್ಲಿ ನೂರು ಡಾಲರ್ ಕೊಳ್ಳಲು ಸಾಧ್ಯವಾದರೆ, ಅದನ್ನು ಕಠ್ಮಂಡುವಿಗೆ ಒಯ್ದು ಮಾರಿದಾಗ 1,200. ಬೆವರು ಹರಿಸದೆ ಅರವತ್ತು ರೂಪಾಯಿ ಲಾಭ. ಹಾಗಾದರೆ ಎಲ್ಲರೂ ಇದನ್ನೇ ಏಕೆ ಮಾಡಲಿಲ್ಲ? ಅಂದಿನ ಭಾರತದಲ್ಲಿ ಡಾಲರನ್ನು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ವಿದೇಶಿ ವಿನಿಮಯದ ಬಿಗಿ ಕಾನೂನಿನ ಗೋಡೆ ಇತ್ತು, ಆ ಗೋಡೆಯ ಆಸರೆಯಲ್ಲೇ ತಾಳೆಯಾಗದ ಎರಡು ದರಗಳು ವರ್ಷಗಟ್ಟಲೆ ಅಕ್ಕಪಕ್ಕ ಬಾಳಿದವು. ಹಳೆಯ ದರಗಳ ಕೋಷ್ಟಕ ನೋಡುವಾಗ ಅದು ನೇರವಾಗಿ ಸಾರಿದ ದರವೋ, ಡಾಲರಿನ ಮೂಲಕ ಭಾಗಿಸಿ ಬಂದದ್ದೋ ಎಂದು ಮೊದಲು ವಿಚಾರಿಸಿ. 1990ರ ದಶಕಕ್ಕಿಂತ ಹಿಂದಿನ ಅಂಕಿಗಳಿಗೆ ಇದು ಇನ್ನೂ ಮುಖ್ಯ.

ಮುಂದಿನದು ಬೇಗ ಮುಗಿಯುತ್ತದೆ. 1985ರ ನವೆಂಬರ್ 30ರಂದು ನೇಪಾಳ ತನ್ನ ರೂಪಾಯಿಯನ್ನು ಶೇ 14.7ರಷ್ಟು ಇಳಿಸಿತು, ನೂರಕ್ಕೆ 170 ಆಯಿತು. ಙುಲ್ಟ್ರಮ್ ನೇಪಾಳದ ಎದುರು ಇಷ್ಟು ಎತ್ತರಕ್ಕೆ ಏರಿದ್ದು ಅದೊಂದೇ ಸಲ. 1986ರಲ್ಲಿ 168. 1991ರ ಜುಲೈ ಮೊದಲ ವಾರದಲ್ಲಿ ಭಾರತ ಎರಡು ಕಂತಿನಲ್ಲಿ ರೂಪಾಯಿಯನ್ನು ಇಳಿಸಿದಾಗ 1966ರ ಪಾಠ ಕಲಿತಿದ್ದ ನೇಪಾಳ ತಡಮಾಡದೆ ತಾನೂ ಇಳಿಯಿತು, ಒಂದು ಚೂರು ಕಡಿಮೆ, ಆದ್ದರಿಂದ 165. ಕೊನೆಗೆ 1993ರ ಫೆಬ್ರುವರಿ 12ರಂದು 160. ಮೂವತ್ಮೂರು ವರ್ಷ ಊರೆಲ್ಲ ಸುತ್ತಿ ಹೊರಟ ಬಾಗಿಲಿಗೇ ಬಂದು ನಿಂತಂತೆ.

ಅಂದಿನಿಂದ ಅದು ಕದಲಿಲ್ಲ. ನೇಪಾಳದಲ್ಲಿ ಹತ್ತು ವರ್ಷ ಅಂತರ್ಯುದ್ಧ ನಡೆಯಿತು, ಅರಮನೆಯಲ್ಲೇ ರಾಜಕುಟುಂಬ ಹತವಾಯಿತು, ರಾಜಪ್ರಭುತ್ವವೇ ಹೋಯಿತು, ಭೂಕಂಪವಾಯಿತು, ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತವು. ದರ 160. ಜಾಲತಾಣದ ನಕ್ಷೆಯಲ್ಲಿ ಈ ವರ್ಷಗಳ ಗೆರೆಯ ಮೇಲೂ ಸಣ್ಣ ಸಣ್ಣ ರೋಮಗಳು ಕಾಣುತ್ತವೆ, 1.598, 1.603 ಹೀಗೆ. ಅವನ್ನು ಪೇಟೆಯ ಏರಿಳಿತ ಎಂದುಕೊಳ್ಳಬೇಡಿ. ಬೇರೆ ಬೇರೆ ಹೊತ್ತಿನ ಡಾಲರ್ ದರಗಳನ್ನು ತಂದು ಯಂತ್ರ ಭಾಗಿಸುವಾಗ ಉದುರುವ ಹೊಟ್ಟು ಅದು. ನೇಪಾಳ ರಾಷ್ಟ್ರ ಬ್ಯಾಂಕಿನ ದಿನದ ಪಟ್ಟಿ ತೆರೆದು ನೋಡಿ: ಭಾರತದ ನೂರು ರೂಪಾಯಿಗೆ ಕೊಳ್ಳುವ ದರ 160.00, ಮಾರುವ ದರ 160.15. ಆ ಹದಿನೈದು ಪೈಸೆ ಬ್ಯಾಂಕಿನ ಕೂಲಿ. ಅದೇ ಪಟ್ಟಿಯಲ್ಲಿ ಡಾಲರ್, ಯೂರೊ, ಯೆನ್, ಕೊಲ್ಲಿ ದೇಶಗಳ ದಿನಾರ್, ರಿಯಾಲ್ ಎಲ್ಲ ಸಿಗುತ್ತವೆ. ಙುಲ್ಟ್ರಮ್ ಹುಡುಕಿದರೆ ಸಿಗುವುದಿಲ್ಲ. ಹುಡುಗರು ಬಾಯಿಪಾಠ ಹೇಳುವ ದರವನ್ನು ಸಾರುವ ಕಚೇರಿಯೇ ಇಲ್ಲ ಎಂದಾಯಿತು.

ಹಾಗೆಂದು ದರ ನಿಂತಲ್ಲೇ ನಿಂತರೆ ತೊಂದರೆಯೇ ಇಲ್ಲ ಎಂದಲ್ಲ. ದರ ಅಲುಗಲು ಬಿಡದಿದ್ದರೆ ಅಲುಗುವುದು ನೋಟಿನ ಲಭ್ಯತೆ. ಭೂತಾನಿನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಕಾರಿಗೂ ಮನೆಗೂ ಧಾರಾಳವಾಗಿ ಸಾಲ ಸಿಕ್ಕಿತು. ಆದರೆ ಕಾರು, ಸಿಮೆಂಟ್, ಕಬ್ಬಿಣ, ಅಕ್ಕಿ ಎಲ್ಲ ಬರಬೇಕಾದದ್ದು ಭಾರತದಿಂದ, ತೆರಬೇಕಾದದ್ದು ರೂಪಾಯಿಯಲ್ಲಿ. ಙುಲ್ಟ್ರಮ್ ಅನ್ನು ಥಿಂಫುವಿನಲ್ಲಿ ಹೆಚ್ಚಿಸಬಹುದು, ರೂಪಾಯಿಯನ್ನಲ್ಲ. ಭಾರತದ ಬ್ಯಾಂಕುಗಳಲ್ಲಿ ಮಾಡಿದ್ದ ರೂಪಾಯಿ ಸಾಲ ತೀರಿಸಲು 2011ರ ಕೊನೆಯಲ್ಲಿ 20 ಕೋಟಿ ಡಾಲರ್ ಮಾರಬೇಕಾಯಿತು. ಅದೂ ಸಾಲದೆ 2012ರ ಮಾರ್ಚ್ ಹೊತ್ತಿಗೆ ರೂಪಾಯಿ ಕೊಡುವುದಕ್ಕೇ ಕಡಿವಾಣ ಬಿತ್ತು, ವಾಹನಗಳ ಆಮದು ನಿಂತಿತು. ಕಾಗದದ ಮೇಲೆ ಒಂದಕ್ಕೆ ಒಂದೇ. ಗಡಿಯ ಫುಂಟ್ಶೋಲಿಂಗ್‌ನಿಂದ ಕಮಾನು ದಾಟಿ ಭಾರತದ ಜೈಗಾಂವ್‌ಗೆ ಬಂದರೆ ಮಾತ್ರ, ಙುಲ್ಟ್ರಮ್ ಕೊಟ್ಟವನಿಗೆ ವ್ಯಾಪಾರಿ ವಟ್ಟ ಹಿಡಿಯುತ್ತಿದ್ದ. ನಮ್ಮ ಹಿರಿಯರು ಸವೆದ ನಾಣ್ಯಕ್ಕೆ ಹಿಡಿಯುತ್ತಿದ್ದ ವಟ್ಟವೇ ಇದು. ಇಲ್ಲಿ ನೋಟು ಸವೆದಿರಲಿಲ್ಲ. ಅದನ್ನು ರೂಪಾಯಿಯಾಗಿ ತಿರುಗಿಸಿ ಕೊಡುತ್ತಾರೆಂಬ ಭರವಸೆ ಸವೆದಿತ್ತು.

ಭೂತಾನ್ ರೂಪಾಯಿ ಗಳಿಸುವ ಮುಖ್ಯ ದಾರಿ ನೀರು. ಚುಖಾ, ತಾಲಾ, ಮಾಂಗ್ದೆಛು ಸ್ಥಾವರಗಳ ವಿದ್ಯುತ್ ಭಾರತಕ್ಕೆ ಹರಿಯುತ್ತದೆ, ರೂಪಾಯಿ ಹಿಂದಿರುಗುತ್ತದೆ. ಅದರ ಜೊತೆ ಭಾರತದ ನೆರವು. ಕನಿಷ್ಠ ಒಂದು ವರ್ಷದ ಅತ್ಯಗತ್ಯ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯದ ಮೀಸಲು ಇರಲೇಬೇಕೆಂದು 2008ರ ಅವರ ಸಂವಿಧಾನವೇ ಹೇಳುತ್ತದೆ. ಇಂಥ ಮಾತನ್ನು ಸಂವಿಧಾನದಲ್ಲಿ ಬರೆದಿಟ್ಟುಕೊಂಡ ದೇಶಗಳು ಹೆಚ್ಚಿಲ್ಲ. ನೇಪಾಳದ ಆಸರೆ ಬೇರೆ: ಕತಾರ್, ಮಲೇಷ್ಯಾ, ಸೌದಿಯಲ್ಲಿ ದುಡಿಯುವ ಮಕ್ಕಳು ಕಳುಹಿಸುವ ಹಣ. ಅದು ಡಾಲರಾಗಿ ಬರುತ್ತದೆ. ರಾಷ್ಟ್ರ ಬ್ಯಾಂಕು ಆ ಡಾಲರ್ ಮಾರಿ ಭಾರತದ ರೂಪಾಯಿ ಕೊಂಡು 160ನ್ನು ಕಾಯುತ್ತದೆ. ನೇಪಾಳಿ ರೂಪಾಯಿ ಇರಬೇಕಾದುದಕ್ಕಿಂತ ದುಬಾರಿಯಾಗಿದೆ, ದರ ಬದಲಿಸಬೇಕು ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಆಗಾಗ ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಉಪ್ಪಿನಿಂದ ಪೆಟ್ರೋಲಿನವರೆಗೆ ಭಾರತದಿಂದ ತರುವ ದೇಶದಲ್ಲಿ 160ನ್ನು 170 ಮಾಡಿದ ಮರುದಿನ ಅಡುಗೆಮನೆಯ ಡಬ್ಬಿಗಳೆಲ್ಲ ದುಬಾರಿಯಾಗುತ್ತವೆ. ಯಾವ ಹಣಕಾಸು ಸಚಿವ ಅದಕ್ಕೆ ಕೈ ಹಾಕುತ್ತಾನೆ? ನನ್ನನ್ನು ಕೇಳಿದರೆ, ಆ ಗಂಟು ಸದ್ಯಕ್ಕೆ ಬಿಚ್ಚುವುದಿಲ್ಲ.

ಗೂಟವೇ ಅಲ್ಲಾಡಿದ್ದೂ ಉಂಟು. 2016ರ ನವೆಂಬರ್ 8ರ ರಾತ್ರಿ ಭಾರತ 500, 1000ದ ನೋಟುಗಳನ್ನು ರದ್ದು ಮಾಡಿದಾಗ ಎರಡೂ ದೇಶಗಳ ಮನೆಗಳಲ್ಲಿ, ಬ್ಯಾಂಕುಗಳಲ್ಲಿ ಆ ನೋಟುಗಳಿದ್ದವು. ಭೂತಾನ್ ಬ್ಯಾಂಕುಗಳ ಮೂಲಕ ಅವನ್ನು ಸಂಗ್ರಹಿಸಿತು. ನೇಪಾಳದ ಬದಲಾವಣೆಯ ಮಾತುಕತೆ ಎಳೆಯುತ್ತಲೇ ಹೋಯಿತು. 2018ರ ಡಿಸೆಂಬರಿನಲ್ಲಿ ನೇಪಾಳ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನೇ ನಿಷೇಧಿಸಿತು. ದರ ಆಗಲೂ 160. ನಂಬಿಕೆ ಎಷ್ಟು ಇಳಿಯಿತೆಂದು ಅಳೆಯುವ ಪಟ್ಟಿ ಮಾತ್ರ ಯಾವ ಬ್ಯಾಂಕಿನಲ್ಲೂ ಇಲ್ಲ.

ಈಗ ನಿಮ್ಮ ಗಲ್ಲಾ. ಭೂತಾನಿನಲ್ಲಿ ರೂಪಾಯಿ ನಡೆಯುತ್ತದೆ, ನಮ್ಮಲ್ಲಿ ಙುಲ್ಟ್ರಮ್ ನಡೆಯುವುದಿಲ್ಲ. ನೇಪಾಳದ ನೋಟೂ ಇಲ್ಲಿ ಚಲಾವಣೆಯ ಹಣವಲ್ಲ. ಕುಶಾಲನಗರದ ಬ್ಯಾಂಕ್ ಶಾಖೆಗೆ ಒಯ್ದರೆ ಕೌಂಟರಿನವರು ತಿರುಗಿಸಿ ಮುರುಗಿಸಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಹಿಂದಕ್ಕೆ ಕೊಡುತ್ತಾರೆ. ಬೆಂಗಳೂರಿನ ವಿನಿಮಯದ ಅಂಗಡಿಗಳಲ್ಲಿ ಯಾರಾದರೂ ತೆಗೆದುಕೊಂಡರೂ ಹಿಡಿಯುವ ವಟ್ಟ ಬಸ್ ಚಾರ್ಜಿಗೂ ಗಿಟ್ಟದಂತೆ ಇರುತ್ತದೆ. ಸುಲಭದ ದಾರಿ ನಿಮ್ಮ ಅಂಗಡಿಯ ಮುಂದೆಯೇ ಓಡಾಡುತ್ತಿದೆ. ಮುಂದಿನ ರಜೆಗೆ ಊರಿಗೆ ಹೊರಟವರಿಗೆ ಕೊಟ್ಟುಬಿಡಿ: ಭೂತಾನಿನ ನೂರಕ್ಕೆ ನೂರು ರೂಪಾಯಿ ಪಡೆಯಿರಿ, ನೇಪಾಳದ ನೂರಕ್ಕೆ ಅರವತ್ತೆರಡೂವರೆ. ಆ ಐವತ್ತು ಪೈಸೆಯ ವಿಷಯದಲ್ಲಿ ಚೌಕಾಶಿ ಬೇಡ. ಇನ್ನು ಮುಂದೆ ಅವರ ಮೊಬೈಲಿನಲ್ಲಿ ಯುಪಿಐ ಇದ್ದರೆ ಅದರಲ್ಲೇ ಕೇಳಿ. ನೋಟುಗಳಲ್ಲಿ 1974ರ ಮೊದಲ ಸರಣಿಯದೇನಾದರೂ ಇದ್ದರೆ ಮಾತ್ರ ಯಾರಿಗೂ ಕೊಡಬೇಡಿ. ಅದನ್ನು ಮಡಿಸದೆ ಒಂದು ಪುಸ್ತಕದ ನಡುವೆ ಇಟ್ಟು, ಹಳೆಯ ನೋಟು ಸಂಗ್ರಹಿಸುವವರಿಗೆ ತೋರಿಸಿ. ಅದರ ದರ ಬೇರೆ. ಅಲ್ಲಿ ನೂರ ಅರವತ್ತರ ಲೆಕ್ಕ ನಡೆಯುವುದಿಲ್ಲ.